ಒಲೆ ಹಚ್ಚಿದ ಕೈ

ಬರ್ನರಿನ ಸುತ್ತ ನೀಲಿ ಉರಿ ಗುಂಡಗೆ ಹತ್ತಿಕೊಂಡ ಮೇಲೆಯೇ ಮೃಣಾಲಿನಿಗೆ ತಾನು ಏನು ಮಾಡಿದೆನೆಂಬುದು ಹೊಳೆದದ್ದು. ಲೈಟರ್ ಇನ್ನೂ ಕೈಯಲ್ಲಿತ್ತು. ಖಾಲಿ ಸಿಲಿಂಡರ್ ಕಾಲಿನ ಹತ್ತಿರ ನಿಂತಿತ್ತು, ತುಂಬಿದ್ದರ ಪ್ಲಾಸ್ಟಿಕ್ ಮುಚ್ಚಳ ದಾರದ ಸಮೇತ ಕಟ್ಟೆಯ ಮೇಲೆ ಬಿದ್ದಿತ್ತು. ಒಲೆ ಆರಿದ್ದನ್ನು ನೋಡಿದ್ದು, ಪಾತ್ರೆಯಿಂದ ಬೇಳೆಯ ಒಂದು ಕಾಳು ತೆಗೆದು ಹಲ್ಲಿಗೆ ಕೊಟ್ಟದ್ದು, ಅದು ಕಟಕ್ಕೆಂದದ್ದು, ಬಾಗಿಲ ಹಿಂದಿನ ಸಿಲಿಂಡರನ್ನು ತಿರುಗಿಸುತ್ತ ಎಳೆದು ತಂದು ರೆಗ್ಯುಲೇಟರ್ ಕೂಡಿಸಿದ್ದು, ಮೂಗು ಹತ್ತಿರ ಒಯ್ದು ವಾಸನೆ ನೋಡಿದ್ದು, ಎಲ್ಲವನ್ನೂ ಕೈಗಳು ತಾವೇ ಮಾಡಿ ಮುಗಿಸಿದ್ದವು. ಮನಸ್ಸು ಇನ್ನೂ ಮಾಳಿಗೆಯ ಮೆಟ್ಟಿಲ ಮೇಲೆಯೇ ಕುಳಿತು ಹುಡುಗಿಯರ ಜಗಳ ಕೇಳುತ್ತಿತ್ತು. ಈ ಮನೆಯಲ್ಲಿ ಕಾಯಿಪಲ್ಲೆ ತರುವುದು ಅವಳದು, ತೊಳೆಯುವುದು, ಹೆಚ್ಚುವುದು, ಒಗ್ಗರಣೆ ಹಾಕುವುದು, ಉಪ್ಪು ಎಷ್ಟೆಂದು ಹೇಳುವುದು ಎಲ್ಲ ಅವಳದು. ಒಲೆ ಹಚ್ಚುವುದು ಮಾತ್ರ ಅವಳದಲ್ಲ, ಮೇಲೆ ಓದುವ ಹುಡುಗಿಯರದು. ಅವಳ ಕೈ ಗುಂಡಿಯ ಹತ್ತಿರ ಹೋಯಿತು. ಆರಿಸಿ, ಮೇಲಿನಿಂದ ದೀನಾಳನ್ನು ಕರೆದು, ಮತ್ತೊಮ್ಮೆ ಹಚ್ಚೆನ್ನಬಹುದಿತ್ತು. ಆದರೆ ಆರಿಸಿದರೆ ಹತ್ತಿದ್ದು ಹತ್ತಲಿಲ್ಲವೆಂದಾಗುತ್ತದೆಯೇ? ಮುಟ್ಟಿದ್ದು ಮುಟ್ಟಿದ್ದೇ. ಅದನ್ನು ಅವಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಅವಳು ಹಾಗೆ ಗುಂಡಿಯ ಮೇಲೆ ಬೆರಳಿಟ್ಟು ನಿಂತಿರುವಾಗಲೇ ಬೇಳೆ ಮತ್ತೆ ಕುದಿ ಹಿಡಿಯಿತು. ಅವಳು ಬೆರಳು ತೆಗೆದಳು.

ಬ್ಯಾಡಗಿಯ ಸ್ಟೇಶನ್ನಿನ ಹಿಂದಿನ ಈ ಮನೆಗೆ ಆ ಹುಡುಗಿಯರು ಬಂದಾಗ ಮೆಣಸಿನಕಾಯಿಯ ಸುಗ್ಗಿ ಶುರುವಾಗಿತ್ತು. ಇಳಿದ ದಿನವೇ ಎಲ್ಲರೂ ಸೀನುತ್ತ ಒಳಗೆ ಬಂದದ್ದು ಅವಳಿಗೆ ನೆನಪಿದೆ. ಯಹೂದಿಗಳ ಒಂದು ಧರ್ಮದ ಶಾಲೆ ಅದು. ಹುಡುಗಿಯರು ಕೆಲವು ತಿಂಗಳು ತಮ್ಮ ಊರಲ್ಲಿ ಓದಿ, ಆಮೇಲೆ ಬೇರೆ ಎಲ್ಲಿಗಾದರೂ ಹೋಗಿ ಬೆಳಿಗ್ಗೆ ತೋರಾ ಎಂಬ ತಮ್ಮ ಗ್ರಂಥವನ್ನೂ ಅದರ ಮೇಲಿನ ವಾದಗಳನ್ನೂ ಓದುವುದು, ಮಧ್ಯಾಹ್ನ ಆ ಊರಿಗೆ ಬೇಕಾದ ಕೆಲಸ ಮಾಡುವುದು, ಇದು ಅವರ ಕ್ರಮ. ಇಲ್ಲಿ ಅವರು ಹಿಡಿದ ಕೆಲಸ ಕೂಸುಗಳದು. ಮಾರ್ಕೆಟ್ ಯಾರ್ಡಿನ ಸುತ್ತ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ತಮ್ಮ ಕೂಸುಗಳನ್ನು ಘಾಟಿನಲ್ಲೇ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. ಈಗ ಖಾಲಿ ಬಿದ್ದ ಒಂದು ಗೋದಾಮನ್ನು ಸುಣ್ಣ ಬಳಿದು, ಕಿಟಕಿಗೆ ಒದ್ದೆ ಚಾದರ ಕಟ್ಟಿ ಕೂಸುಗಳ ಮನೆ ಮಾಡಿದ್ದರು. ಗುರು ಮಿರಿಯಮ್ ನಡುವಯಸ್ಸಿನ ಗಟ್ಟಿ ಹೆಂಗಸು, ಯಾವಾಗಲೂ ತಲೆಗೆ ಬಟ್ಟೆ ಕಟ್ಟಿರುತ್ತಾಳೆ. ದೀನಾ ರೋಹೆಕರ, ಠಾಣೆ ಎಂಬ ಊರಿನ ಹುಡುಗಿ, ಮರಾಠಿ ಮಾತಿನವಳು, ಇವರಲ್ಲೇ ಬಹಳ ಹಿಂದೆ ಕೊಂಕಣಕ್ಕೆ ಬಂದು ನಿಂತವರ ಪೈಕಿ. ಆ ಕಡೆ ನಮ್ಮನ್ನು ಶನಿವಾರದ ಗಾಣಿಗರು ಅನ್ನುತ್ತಿದ್ದರು, ಶನಿವಾರ ನಮ್ಮ ದೇವರ ದಿನ, ಗಾಣ ಹೂಡುತ್ತಿರಲಿಲ್ಲವಲ್ಲ ಅದಕ್ಕೆ, ಎಂದು ಅವಳೇ ನಗುತ್ತ ಹೇಳಿದ್ದಳು. ಮೃಣಾಲಿನಿಯ ತವರು ಬೆಳಗಾವಿ, ಹೀಗಾಗಿ ಮರಾಠಿ ಬರುತ್ತದೆ, ಹೀಗಾಗಿ ಈ ಅಡಿಗೆಯ ಕೆಲಸ ಅವಳ ಪಾಲಿಗೆ ಬಂದದ್ದು. ಮೊದಲ ದಿನ ದೀನಾ ಕೆಳಗಿಳಿದು ಬಂದು, ಕಡ್ಡಿ ಗೀರಿ ಎರಡೂ ಒಲೆ ಹಚ್ಚಿ, ಮುಗುಳ್ನಕ್ಕು ಮೇಲೆ ಹೋದಾಗ ಮೃಣಾಲಿನಿಗೆ ಅದೊಂದು ಮರ್ಯಾದೆಯ ಹಾಗೆ ಕಂಡಿತ್ತು, ಸಭೆಯಲ್ಲಿ ದೊಡ್ಡವರಿಂದ ದೀಪ ಹಚ್ಚಿಸಿದ ಹಾಗೆ. ಮರುದಿನವೂ ಬಂದಳು. ಅದರ ಮರುದಿನ ದೀನಾಗೆ ನೆಗಡಿ, ಬೇರೊಬ್ಬಳು ಬಂದಳು. ಆಗ ಇದು ಮರ್ಯಾದೆಯಲ್ಲ, ಕಟ್ಟಳೆ ಎಂದು ತಿಳಿಯಿತು. ಯಾಕೆಂದು ಕೇಳಿದ್ದಕ್ಕೆ ದೀನಾ, ನಮ್ಮಲ್ಲಿ ಹಾಗೆ ಕಾಕು, ಎಂದು, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು, ತುಸು ಕೆಂಪಾಗಿ ಹೇಳಿದ್ದಳು. ಹುಡುಗಿ ಕೆಂಪಾದದ್ದನ್ನು ನೋಡಿ ಮೃಣಾಲಿನಿ ಮುಂದೆ ಕೇಳಲಿಲ್ಲ. ಕೇಳದೆ ಉಳಿದ ಪ್ರಶ್ನೆ ಮಾತ್ರ ದಿನಾ ಅವಳ ಜೊತೆಗೆ ಅಡಿಗೆಮನೆಯಲ್ಲಿ ಓಡಾಡಿಕೊಂಡಿತ್ತು. ನನ್ನ ಕೈ ಮುಟ್ಟಿದ ತರಕಾರಿ ನಡೆಯುತ್ತದೆ, ನಾನು ಹಾಕಿದ ಉಪ್ಪು ನಡೆಯುತ್ತದೆ, ನಾನು ಹಚ್ಚಿದ ಬೆಂಕಿ ಯಾಕೆ ನಡೆಯುವುದಿಲ್ಲ? ಬೆಂಕಿಗೆ ನನ್ನಿಂದ ಏನು ಹತ್ತುತ್ತದೆ?

ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ ಮಥುರಾಬಾಯಿಯ ಕಣ್ಣು ಹೊಳೆದಿದ್ದವು. ಕಟ್ಟಾ ಮಂದಿ ಇದ್ದಾರ, ಎಂದಿದ್ದರು, ತಮ್ಮ ಕಡೆಯವರನ್ನು ದೂರದ ಊರಲ್ಲಿ ಕಂಡವರ ಹಾಗೆ. ಆ ಹುಡುಗಿಯರು ಇಲ್ಲಿ ಇರುವಷ್ಟು ದಿನ ಬರೀ ಕಾಯಿಪಲ್ಲೆ ಉಣ್ಣುತ್ತಾರೆಂದು ತಿಳಿದ ಮೇಲೆಯೇ ಸೊಸೆಯನ್ನು ಕಳಿಸಲು ಒಪ್ಪಿದವರು ಅವರು. ಗಂಡ ಗಂಗಾಧರ ಇದರಲ್ಲಿ ತಲೆ ಹಾಕಲಿಲ್ಲ. ರಾಣೆಬೆನ್ನೂರಿನ ಬೀಜದ ಕಂಪನಿಗೆ ಬೆಳಗಿನ ರೈಲು ಹಿಡಿದು ಹೋಗಿ ಸಂಜೆ ಬರುವ ಮನುಷ್ಯನಿಗೆ ತಾಯಿ ಮತ್ತು ಹೆಂಡತಿಯ ನಡುವಿನ ಅಡಿಗೆಮನೆ ಬೇರೆ ರಾಜ್ಯವಿದ್ದ ಹಾಗೆ. ಮಥುರಾಬಾಯಿಗೆ ಈಗ ಕಣ್ಣು ಮಂಜು, ಮಂಡಿ ಬಗ್ಗುವುದಿಲ್ಲ, ಆದರೆ ಸಂಜೆ ಸೊಸೆ ಚಪ್ಪಲಿ ಬಿಡುವ ಸಪ್ಪಳಕ್ಕೇ ಒಂದು ಪ್ರಶ್ನೆ ಕಾದಿರುತ್ತದೆ. ಅಲ್ಲೆ ಏನರೆ ಬಾಯಾಗ ಹಾಕ್ಕೊಂಡ್ಯೇನು? ಇಲ್ಲ ಅತ್ಯಾ. ಶುಕ್ರವಾರ ಮಧ್ಯಾಹ್ನ ಅವರು ಜಡೆಯ ಹಾಗೆ ಹೆಣೆದು ಸುಡುವ ರೊಟ್ಟಿಯ ತುಂಡೊಂದನ್ನು ದೀನಾ ಕೈಯಲ್ಲಿ ಇಟ್ಟಾಗ ಅವಳು ತಿಂದಿದ್ದಳು, ತುಸು ಸಿಹಿ, ಮೇಲೆ ಎಳ್ಳು. ಅವತ್ತೂ, ಇಲ್ಲ ಅತ್ಯಾ. ಈ ‘ಇಲ್ಲ’ ಅವಳು ಮದುವೆಯಾಗಿ ಬಂದ ವರ್ಷವೇ ಕಲಿತದ್ದು. ಒಂದು ಬೆಳಿಗ್ಗೆ ಗಳದ ಮೇಲೆ ಒಣಗಿದ್ದ ಮಡಿಸೀರೆಗೆ ಅವಳ ಭುಜ ತಾಗಿತು. ಯಾರೂ ನೋಡಿರಲಿಲ್ಲ. ತಾಗೀತೇನ, ಎಂದು ಅತ್ತೆ ದಿನದ ಹಾಗೆ ಕೇಳಿದ್ದಕ್ಕೆ ಹೂಂ ಎಂದಳು. ತವರಿನಲ್ಲಿ ನಿಜ ಹೇಳಿದರೆ ಬೆನ್ನು ತಟ್ಟುತ್ತಿದ್ದರು. ಇಲ್ಲಿ ಸೀರೆ ಮತ್ತೆ ನೀರಿಗೆ ಬಿತ್ತು, ಆದ ಅಡಿಗೆಯೆಲ್ಲ ಹೊರಗೆ ಹೋಯಿತು, ಶ್ರಾದ್ಧಕ್ಕೆ ಬಂದ ಮಂದಿ ಮಧ್ಯಾಹ್ನ ಇಳಿಯುವವರೆಗೆ ಹಸಿದು ಕುಳಿತು, ಒಬ್ಬೊಬ್ಬರಾಗಿ ಅಡಿಗೆಮನೆಯ ಬಾಗಿಲಿಗೆ ಬಂದು ಹೊಸ ಸೊಸೆಯ ಮುಖ ನೋಡಿ ಹೋದರು. ಆಮೇಲೆ ಎಷ್ಟು ಸಲ ತಾಗಿತೋ. ತಾಗೀತೇನ? ಇಲ್ಲ ಅತ್ಯಾ. ಆ ಮನೆಯ ದೇವರು ಎಷ್ಟು ವರ್ಷ ಅವಳ ‘ಇಲ್ಲ’ದ ಮೇಲೆಯೇ ನೈವೇದ್ಯ ತೆಗೆದುಕೊಂಡಿದ್ದಾನೆ. ಅದಕ್ಕಾಗಿ ಅವನು ಸಿಟ್ಟಾದ ಕುರುಹು ಏನೂ ಕಂಡಿಲ್ಲ. ಮಗಳು ಶ್ರದ್ಧಾ ಹಾವೇರಿಯ ಕಾಲೇಜಿಗೆ ಹೋಗುತ್ತಾಳೆ, ಚೆನ್ನಾಗಿಯೇ ಇದ್ದಾಳೆ.

ಬೇಳೆ ಈಗ ಅರಳುತ್ತಿತ್ತು. ಪಕ್ಕದ ಒಲೆಯ ಅನ್ನ ಮೊದಲೇ ಆಗಿತ್ತು, ಗ್ಯಾಸ್ ಹೋಗುವುದಕ್ಕೆ ಮುಂಚೆಯೇ ಮುಚ್ಚಿ ಇಳಿಸಿದ್ದಳು. ತಪ್ಪೆಲ್ಲ ಮೆಟ್ಟಿಲಿನದು. ಅಡಿಗೆಮನೆಯಿಂದ ಹೊರಬಿದ್ದರೆ ಮಾಳಿಗೆಗೆ ಹೋಗುವ ಮೆಟ್ಟಿಲು. ಮೇಲಿನ ಕೋಣೆಯಲ್ಲಿ ಅವರು ಓದುವುದು. ಓದು ಎಂದರೆ ಅವಳಿಗೆ ಗೊತ್ತಿದ್ದದ್ದು ಮಾವನವರ ಪಾರಾಯಣ, ಒಬ್ಬರು ಓದುವುದು, ಉಳಿದವರು ಕೈಮುಗಿದು ಕೂರುವುದು, ನಡುವೆ ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುವುದು. ಇವರು ಇಬ್ಬಿಬ್ಬರು ಎದುರುಬದುರು ಕೂತು, ನಡುವೆ ಒಂದೇ ಪುಸ್ತಕ ಇಟ್ಟುಕೊಂಡು, ಮೇಜು ಗುದ್ದಿ ಜಗಳಾಡುತ್ತಾರೆ. ಮೊದಲ ವಾರ ಅವಳು ನಿಜವಾಗಿಯೂ ಜಗಳವೆಂದೇ ತಿಳಿದು ಬಿಡಿಸಲು ಓಡಿದ್ದಳು, ಕೈಯಲ್ಲಿ ಸೌಟು ಹಿಡಿದುಕೊಂಡೇ. ದೀನಾ ಮತ್ತು ಅವಳ ಜೊತೆಗಾತಿ ತಾಮಾರ್, ತೆಳ್ಳಗೆ ಎತ್ತರಕ್ಕಿರುವ ಪರದೇಶದ ಹುಡುಗಿ, ಸೌಟನ್ನು ನೋಡಿ ನಕ್ಕು ನಕ್ಕು ಮೇಜಿನ ಮೇಲೆ ಬಿದ್ದಿದ್ದರು. ದೇವರ ಪುಸ್ತಕದ ಮುಂದೆ ಕೂತು, ಇದು ಹೀಗೆ ಯಾಕೆ, ಇದು ಸರಿಯಲ್ಲ, ಎಂದು ಗದ್ದಲ ಮಾಡಬಹುದೆಂಬುದು ಮೃಣಾಲಿನಿಯ ತಲೆಯಲ್ಲಿ ಕೂರಲು ಬಹಳ ಹೊತ್ತು ಹಿಡಿಯಿತು. ಕೂತ ಮೇಲೆ ಬಿಡಲೊಲ್ಲದು. ತರಕಾರಿ ಹೆಚ್ಚುವ ನೆಪದಲ್ಲಿ ಈಳಿಗೆ ತಂದು ಮೆಟ್ಟಿಲ ಬುಡಕ್ಕೇ ಕೂರುತ್ತಾಳೆ. ಮಾತು ಅರ್ಥವಾಗದಿದ್ದರೂ ಯಾರು ಗೆಲ್ಲುತ್ತಿದ್ದಾರೆಂದು ತಿಳಿಯುತ್ತದೆ. ಗೆಲ್ಲುವವಳ ದನಿ ಸಣ್ಣಗಾಗುತ್ತದೆ. ಇವತ್ತಿನ ಜಗಳ ಏನೆಂದು ದೀನಾ ಬೆಳಿಗ್ಗೆಯೇ ಹೇಳಿದ್ದಳು. ದಾರಿಯಲ್ಲಿ ಕಾಳು ಚೆಲ್ಲಿದ್ದರೆ ಅದು ಯಾರದು? ಸಿಕ್ಕವರದು ಅನ್ನುತ್ತದೆ ಪುಸ್ತಕ, ಯಾಕೆಂದರೆ ಚೆಲ್ಲಿದವನು ಅದರ ಆಸೆ ಬಿಟ್ಟಿರುತ್ತಾನೆ. ಆದರೆ ಅವನಿಗೆ ಚೆಲ್ಲಿದ್ದೇ ಇನ್ನೂ ಗೊತ್ತಿಲ್ಲದಿದ್ದರೆ? ತಾಮಾರ್ ನಿನ್ನೆ ಯಾರ್ಡಿನ ಹಾದಿಯಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ಮೆಣಸಿನಕಾಯಿಯನ್ನು ಹೆಂಗಸರು ಬಳಿದು ಉಡಿಗೆ ತುಂಬುವುದನ್ನು ಕಂಡು ಬಂದು ಇದನ್ನು ಎತ್ತಿದ್ದಳು. ಎಷ್ಟೋ ಸಾವಿರ ವರ್ಷದ ಹಿಂದಿನ ಯಾವುದೋ ಊರಿನ ಕಾಳಿನ ಜೊತೆ ಬ್ಯಾಡಗಿಯ ಕಾಯಿ ಬೆರೆತುಹೋಗಿತ್ತು. ಮೃಣಾಲಿನಿಗೆ ಅದರ ತೀರ್ಪು ಬೇಕಾಗಿತ್ತು. ತೀರ್ಪು ಬರಲಿಲ್ಲ, ಒಲೆ ಆರಿತ್ತು.

ಹೇಳದಿದ್ದರೆ ಏನಾಗುತ್ತದೆ, ಎಂದು ಅವಳು ಹುಣಸೆಹಣ್ಣು ಕಿವುಚುತ್ತ ಯೋಚಿಸಿದಳು. ಏನೂ ಆಗುವುದಿಲ್ಲ. ಬೆಳಿಗ್ಗೆ ದೀನಾ ಬಂದು ಹಚ್ಚಿ ಹೋಗಿದ್ದಾಳೆ, ಅದು ಎಲ್ಲರಿಗೂ ಗೊತ್ತು. ಖಾಲಿ ಸಿಲಿಂಡರನ್ನು ಹಿತ್ತಲಿಗೆ ಸರಿಸಿದರೆ ಮುಗಿಯಿತು. ಹುಡುಗಿಯರು ಉಣ್ಣುತ್ತಾರೆ, ತಾಮಾರ್ ಎರಡು ಸಲ ಹಾಕಿಸಿಕೊಳ್ಳುತ್ತಾಳೆ, ಕೂಸುಗಳ ಮನೆಗೆ ಹೋಗುತ್ತಾರೆ. ಅವರ ದೇವರಿಗೂ ‘ಇಲ್ಲ’ ಹೇಳಿದರಾಯಿತು. ಅವಳು ಸಿಲಿಂಡರನ್ನು ಬಾಗಿಲ ತನಕ ತಿರುಗಿಸಿಯೂ ತಿರುಗಿಸಿದಳು. ಹೊಸ್ತಿಲ ಹತ್ತಿರ ಅದು ನಿಂತಿತು, ಅವಳೂ ನಿಂತಳು. ತನ್ನ ಮನೆಯ ‘ಇಲ್ಲ’ಕ್ಕೂ ಇದಕ್ಕೂ ಏನೋ ವ್ಯತ್ಯಾಸವಿತ್ತು, ಏನೆಂದು ಸರಿಯಾಗಿ ಸಿಗುತ್ತಿರಲಿಲ್ಲ. ಅಲ್ಲಿ ಕೇಳುವವರು ಹಿಡಿಯಲೆಂದೇ ಕೇಳುತ್ತಿದ್ದರು. ಇಲ್ಲಿ ಯಾರೂ ಒಮ್ಮೆಯೂ ಕೇಳಿಲ್ಲ. ಈ ಹುಡುಗಿಯರು ಬೆಳಿಗ್ಗೆ ಕಡ್ಡಿ ಗೀರಿ ಮೇಲೆ ಹೋದರೆಂದರೆ ಊಟದ ತನಕ ಕೆಳಗಿಳಿಯುವುದಿಲ್ಲ, ಇಡೀ ಒಲೆಯನ್ನು ಅವಳಿಗೆ ಬಿಟ್ಟು. ತಲೆಗೆ ಎಣ್ಣೆ ಕಾಣದ ಹುಡುಗಿಯರು, ತಾಯಂದಿರನ್ನು ಬಿಟ್ಟು ಎಲ್ಲಿಂದಲೋ ಬಂದವರು. ಪರಸ್ಥಳದಲ್ಲಿ ಶ್ರದ್ಧಾಗೆ ಯಾರಾದರೂ ಹೀಗೆ, ಅವಳು ಉಣ್ಣದ್ದನ್ನು ಗೊತ್ತಿಲ್ಲದೆ ಉಣ್ಣಿಸಿದರೆ? ಅವಳು ಸಿಲಿಂಡರನ್ನು ಅಲ್ಲಿಯೇ ಬಿಟ್ಟು ಒಲೆಯ ಹತ್ತಿರ ಬಂದಳು. ಆದರೆ ಹೇಳಿದರೆ? ಹೇಳಿದರೆ ಬೆಂಕಿಯ ಆ ಪ್ರಶ್ನೆಗೆ ಇವತ್ತೇ ಉತ್ತರ ಬರುತ್ತದೆ. ಪಾತ್ರೆ ಹೊರಗೆ ಹೋಗುವುದನ್ನು, ಅವರ ಮುಖ ಹೇಗಾಗುತ್ತದೆಂಬುದನ್ನು ತಾನು ನಿಂತು ನೋಡಬೇಕಾಗುತ್ತದೆ. ಈ ಮನೆಯಲ್ಲಿಯೂ ತಾನು ತಾಗಿದವಳಾಗಬೇಕಾಗುತ್ತದೆ.

ಒಗ್ಗರಣೆಯ ವಾಸನೆ ಮೇಲೆ ಹೋಗಿರಬೇಕು. ದೀನಾ ಮೆಟ್ಟಿಲಿಳಿದು ಬಂದಳು, ಅವಳ ಹಿಂದೆ ತಾಮಾರ್, ಇಬ್ಬರ ಕೈಯಲ್ಲೂ ತಟ್ಟೆಗಳು. ಕಾಕು, ಏನು ವಾಸನೆ ಇದು, ನಮಗೆ ಓದಲೂ ಆಗಲಿಲ್ಲ, ಎಂದಳು ದೀನಾ. ಮೃಣಾಲಿನಿ ಸೌಟನ್ನು ಪಾತ್ರೆಗೆ ಹಾಕಿದಳು, ಎತ್ತಿದಳು, ಮತ್ತೆ ಹಾಕಿದಳು. ತಾಮಾರಳ ತಟ್ಟೆ ಮುಂದೆ ಬಂದಿತ್ತು.

“ತಡಿ,” ಎಂದಳು ಮೃಣಾಲಿನಿ, ಮರಾಠಿಯಲ್ಲಿ ಹೇಳಬೇಕಾದ್ದು ಕನ್ನಡದಲ್ಲೇ ಬಂತು. “ಗ್ಯಾಸ್ ಹೋಗಿತ್ತು. ಹೊಸಾದು ನಾನ ಹಚ್ಚಿದೆ.”

ಅದನ್ನೇ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದಳು. ಅವಳು ಅಂದುಕೊಂಡ ಯಾವುದೂ ಆಗಲಿಲ್ಲ. ಯಾರೂ ಹಿಂದೆ ಸರಿಯಲಿಲ್ಲ, ತಟ್ಟೆ ಎಳೆದುಕೊಳ್ಳಲಿಲ್ಲ. ತಾಮಾರ್ ದೀನಾಳನ್ನು ಏನೋ ಕೇಳಿದಳು, ದೀನಾ ಹೇಳಿದಳು, ತಾಮಾರಳ ಹುಬ್ಬು ಮೇಲೇರಿದವು, ಮುಖ ಬೆಳಗಿತು, ಮೇಲಿನ ಕೋಣೆಯಲ್ಲಿ ಮೇಜು ಗುದ್ದುವ ಮುಂಚೆ ಬೆಳಗುವ ಹಾಗೆಯೇ. ಅವಳು ಮೆಟ್ಟಿಲು ಹಾರಿ ಹೋಗಿ ಒಂದು ದಪ್ಪ ಪುಸ್ತಕ ತಂದಳು. ಮಿರಿಯಮ್ ಬಂದಳು. ಅಡಿಗೆಮನೆಯ ನೆಲದ ಮೇಲೆ, ಹೆಚ್ಚಿದ ಸೌತೆಕಾಯಿಯ ಸಿಪ್ಪೆಗಳ ನಡುವೆ, ಅವರು ಕೂತರು, ಪುಸ್ತಕ ತೆರೆಯಿತು, ಜಗಳ ಶುರುವಾಯಿತು. ಮೃಣಾಲಿನಿ ಒಲೆಯ ಹತ್ತಿರ ನಿಂತಿದ್ದಳು. ಇಷ್ಟು ದಿನ ಮೆಟ್ಟಿಲ ಬುಡದಿಂದ ಕೇಳಿದ್ದು ಈಗ ಅವಳ ಕಾಲಬುಡಕ್ಕೇ ಬಂದಿತ್ತು, ಮತ್ತು ಜಗಳ ಅವಳ ಸಾರಿನದಾಗಿತ್ತು. ತಾಮಾರ್ ಪಾತ್ರೆ ತೋರಿಸಿ ಏನೋ ವಾದಿಸಿದಳು, ದೀನಾ ಸಿಲಿಂಡರ್ ತೋರಿಸಿ ಬೇರೆ ಏನೋ. ನಡುನಡುವೆ ದೀನಾ ಮರಾಠಿಗೆ ತಂದು ಹೇಳುತ್ತಿದ್ದಳು. ನಮ್ಮ ಒಬ್ಬರ ಕೈ ಹಚ್ಚಿದ ಒಲೆಯ ಮೇಲೆ ಒಂದಷ್ಟು ಬೆಂದಿದ್ದರೆ ಸಾಕು, ಮುಂದೆ ಯಾರು ಹಚ್ಚಿದರೂ ಅಡ್ಡಿಯಿಲ್ಲ. ಎಷ್ಟು ಬೆಂದಿರಬೇಕು? ಮೂರರಲ್ಲೊಂದು ಪಾಲು ಎನ್ನುತ್ತಾರೆ ಒಬ್ಬರು, ಅವಸರದವನು ತಿನ್ನಬಹುದಾದಷ್ಟು. ಅರ್ಧ ಬೇಕೆನ್ನುತ್ತಾರೆ ಇನ್ನೊಬ್ಬರು. ಕೊನೆಗೆ ಮಿರಿಯಮ್ ಕೈಯೆತ್ತಿದಳು, ಇಬ್ಬರೂ ಸುಮ್ಮನಾದರು, ಮೂವರೂ ತಲೆಯೆತ್ತಿ ಮೃಣಾಲಿನಿಯನ್ನು ನೋಡಿದರು.

ಮಿರಿಯಮ್ ಕೇಳಿದ್ದನ್ನು ದೀನಾ ನಿಧಾನವಾಗಿ, ಒಂದೊಂದೇ ಮಾತಿನಲ್ಲಿ ಹೇಳಿದಳು. “ಗ್ಯಾಸ್ ಹೋದಾಗ ಬೇಳೆ ಎಷ್ಟು ಬೆಂದಿತ್ತು, ಕಾಕು? ನೀವು ಹೇಳಿದ ಮೇಲೆ ಮುಗಿಯಿತು.”

ನೀವು ಹೇಳಿದ ಮೇಲೆ. ಮೃಣಾಲಿನಿ ಅವರ ಮುಖಗಳನ್ನು ನೋಡಿದಳು. ದೀನಾಗೆ ಯಾವ ಉತ್ತರ ಬೇಕಾಗಿದೆಯೆಂಬುದು ಮುಖದ ಮೇಲೆಯೇ ಬರೆದಿತ್ತು, ಹಸಿವಿಗಾಗಿಯೂ, ಕಾಕುಗೆ ಬೇಸರವಾಗಬಾರದೆಂದೂ. ಅರ್ಧ ಬೆಂದಿತ್ತು ಎಂದರೆ ಎಲ್ಲರೂ ನಗುತ್ತಿದ್ದರು. ಯಾರೂ ಪಾತ್ರೆ ಮೂಸಿ ನೋಡುತ್ತಿರಲಿಲ್ಲ, ಗಳದ ಮೇಲಿನ ಸೀರೆ ಮುಟ್ಟಿ ಹಸಿ ಒಣ ನೋಡಿದ ಹಾಗೆ ಅವಳ ಮುಖ ಮುಟ್ಟಿ ನೋಡುತ್ತಿರಲಿಲ್ಲ. ಅಷ್ಟು ಹಳೆಯ ಪುಸ್ತಕ ತನ್ನ ಎಲ್ಲ ವಾದ ಮುಗಿಸಿ, ಈಗ ಅವಳ ಬಾಯಿಯಿಂದ ಬರುವ ಒಂದು ಮಾತಿಗಾಗಿ ನೆಲದ ಮೇಲೆ ತೆರೆದುಕೊಂಡು ಕಾದು ಕೂತಿತ್ತು. ಹಿಡಿಯಲೆಂದಲ್ಲದೆ, ಬರೀ ತಿಳಿಯಲೆಂದು ಅಡಿಗೆಮನೆಯಲ್ಲಿ ಯಾರಾದರೂ ಅವಳನ್ನು ಒಂದು ಮಾತು ಕೇಳಿದ್ದು ಇದೇ ಮೊದಲಿರಬೇಕು. ಕಾಳು ಹಲ್ಲಿನ ನಡುವೆ ಕಟಕ್ಕೆಂದ ಸಪ್ಪಳ ಅವಳ ಕಿವಿಯಲ್ಲಿ ಇನ್ನೂ ಇತ್ತು.

“ಬೆಂದಿದ್ದಿಲ್ಲ,” ಎಂದಳು. “ಕಡದು ನೋಡಿದ್ದೆ. ಕಟ್ ಅಂತು. ಒಳಗ ಇನ್ನೂ ಬೆಳ್ಳಗಿತ್ತು.”

ಮಿರಿಯಮ್ ತಲೆಯಾಡಿಸಿ ಪುಸ್ತಕ ಮುಚ್ಚಿದಳು, ಎದ್ದು ಬಂದು ಎರಡೂ ಕೈಯಿಂದ ಮೃಣಾಲಿನಿಯ ಮುಂಗೈ ಹಿಡಿದು ತನ್ನ ಮಾತಿನಲ್ಲಿ ಏನೋ ಹೇಳಿದಳು. ದೀನಾ ತಿಳಿಸಿದ ತೀರ್ಪು ಇಷ್ಟು: ಅನ್ನ ನಡೆಯುತ್ತದೆ, ಸೌತೆಕಾಯಿ ನಡೆಯುತ್ತದೆ, ಶೇಂಗಾಚಟ್ನಿ ಮೊನ್ನೆಯದು. ಸಾರು ಇವರಿಗಿಲ್ಲ. ಚೆಲ್ಲಬಾರದು; ಕೂಸುಗಳ ಮನೆಗೆ ಒಯ್ಯೋಣ, ತಾಯಂದಿರು ಉಣ್ಣಲಿ, ಎಂದು ತೀರ್ಮಾನವಾಯಿತು. ತಾಮಾರ್ ಸಾರಿನ ಕಡೆ ಒಮ್ಮೆ ದುಃಖದಿಂದ ನೋಡಿ ಅನ್ನಕ್ಕೆ ನಿಂಬೆಹಣ್ಣು ಹಿಂಡಿಕೊಂಡಳು. ಆಗ ದೀನಾ, ಸಮಾಧಾನಕ್ಕೆಂದು, ಹೇಳಿದ ಮಾತು ಮೃಣಾಲಿನಿಗೆ ಬೇರೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಆಗಲೇ ಒಂದು ಸಲ ಕೂಗಿದ್ದರೆ ಸಾಕಿತ್ತಲ್ಲ ಕಾಕು. ನಾನು ಬಂದು ಉರಿಯುತ್ತಿದ್ದ ಒಲೆಯ ಗುಂಡಿಯನ್ನೇ ತುಸು ತಿರುಗಿಸಿದ್ದರೂ ನಡೆಯುತ್ತಿತ್ತು. ಮೃಣಾಲಿನಿ ಗುಂಡಿಯ ಮೇಲೆ ಬೆರಳಿಟ್ಟು ನಿಂತದ್ದನ್ನು ನೆನೆದಳು. ಕೆಟ್ಟದ್ದು ಕೆಟ್ಟಿತು, ತಾಗಿದ್ದು ತಾಗಿತು, ಇನ್ನೇನಿದ್ದರೂ ಮುಚ್ಚಿಡುವುದು ಇಲ್ಲವೇ ಚೆಲ್ಲುವುದು, ಈ ಎರಡೇ ಅವಳಿಗೆ ಗೊತ್ತಿದ್ದದ್ದು. ಕೂಗಿ ಕರೆದರೆ ಸರಿಹೋಗುವ ಕಟ್ಟಳೆಯೊಂದು ಇರಬಹುದೆಂದು ಅವಳು ನಂಬಿರಲೇ ಇಲ್ಲ.

ಇಷ್ಟು ಆದ ಮೇಲೆ ಆ ಪ್ರಶ್ನೆ ತಾನಾಗಿಯೇ ಹೊರಗೆ ಬಂತು. ನನ್ನ ಕೈ ಮೈಲಿಗೆಯೇನು, ಎಂದು ಮರಾಠಿಯಲ್ಲಿ ಕೇಳಿದಳು, ಅನ್ನ ಬಡಿಸುತ್ತ, ಮುಖ ನೋಡದೆ. ದೀನಾ ತುತ್ತು ಕೆಳಗಿಟ್ಟಳು. ಅಲ್ಲ, ಅಲ್ಲವೇ ಅಲ್ಲ, ಎಂದಳು. ಪುಸ್ತಕದಲ್ಲಿ ಬೇರೆ ಕಾರಣ ಇದೆ, ಹೇಳಿದರೆ ನಗುತ್ತೀರಿ. ಒಬ್ಬರು ಮಾಡಿದ್ದನ್ನು ಒಬ್ಬರು ಉಣ್ಣುತ್ತ ಹೋದರೆ ಸಲಿಗೆ ಬೆಳೆಯುತ್ತದೆ. ಸಲಿಗೆ ಬೆಳೆದರೆ ಹೋಗಿ ಬಂದು ಮಾಡುತ್ತಾರೆ, ಆಮೇಲೆ ಹೆಣ್ಣು ಕೊಟ್ಟು ತರುತ್ತಾರೆ. ನಾವು ಎಲ್ಲ ಊರಲ್ಲೂ ಸ್ವಲ್ಪ ಸ್ವಲ್ಪ ಮಂದಿ. ಹಾಗಾದರೆ ಉಪ್ಪು ನೀರಲ್ಲಿ ಕರಗಿದ ಹಾಗೆ ಕರಗಿಬಿಡುತ್ತೇವೆಂದು ಹಿಂದಿನವರು ಹೆದರಿದರು. ಅದಕ್ಕೆ ನಡುವೆ ಒಂದು ಕಡ್ಡಿ ಇಟ್ಟರು. ಕಡ್ಡಿ, ಎಂದು ಗೀರುವ ಹಾಗೆ ಬೆರಳು ಮಾಡಿ ತೋರಿಸಿದಳು. ಮೃಣಾಲಿನಿ ನಗಲಿಲ್ಲ. ಇಷ್ಟು ದಿನ ಅವಳು ಹುಡುಕಿದ್ದು ಹೇಸಿಗೆಯನ್ನು. ಸಿಕ್ಕದ್ದು ಹೆದರಿಕೆ, ಅದೂ ಪ್ರೀತಿ ಹುಟ್ಟೀತೆಂಬ ಹೆದರಿಕೆ. ತನ್ನ ಸಾರಿಗೆ ಅಷ್ಟು ಬಲವಿದೆಯೆಂದು ಯಾರೋ ಎಂದೋ ತಿಳಿದಿದ್ದರೇ? ಇದರಿಂದ ಕಡಿಮೆ ನೋಯಬೇಕೋ ಹೆಚ್ಚು ನೋಯಬೇಕೋ ಅವಳಿಗೆ ತಿಳಿಯಲಿಲ್ಲ. ಸೀರೆ ಮತ್ತೆ ನೀರಿಗೆ ಬಿದ್ದ ಆ ಬೆಳಿಗ್ಗೆ, ಅತ್ತೆಯ ಕಣ್ಣಿನಲ್ಲಿ ಇದ್ದದ್ದೂ ಹೇಸಿಗೆಯಲ್ಲದೆ ಇನ್ನೇನಾದರೂ ಆಗಿತ್ತೇ ಎಂದು ಮೊದಲ ಸಲ ನೋಡಲು ಹೋದಳು. ನೆನಪಿನಲ್ಲಿ ಆ ಕಣ್ಣುಗಳು ಸಿಗಲಿಲ್ಲ. ಬರೀ ಸೀರೆ ಹಿಂಡಿದ ನೀರು ಸಿಕ್ಕಿತು.

ಆಟೋದಲ್ಲಿ ಪಾತ್ರೆ ಅವಳ ತೊಡೆ ಮೇಲಿತ್ತು, ಸುತ್ತ ಟವೆಲ್ಲು, ಮೇಲೆ ತಟ್ಟೆ ಮುಚ್ಚಿ. ಯಾರ್ಡಿನ ಹಾದಿಯ ಎರಡೂ ಕಡೆ ಕೆಂಪು ರಾಶಿಗಳು. ಟಾರಿನ ಮೇಲೆ ಚೆಲ್ಲಿದ ಕಾಯಿ ಗಾಲಿಗೆ ಸಿಕ್ಕಿ ಪುಡಿಯಾಗಿತ್ತು. ಆ ತೀರ್ಪು ಏನಾಯಿತು, ಎಂದು ಅವಳು ಪಕ್ಕದಲ್ಲಿದ್ದ ದೀನಾಳನ್ನು ಕೇಳಿದಳು. ಇನ್ನೂ ಮುಗಿದಿಲ್ಲ, ನಾಳೆ, ಎಂದಳು ದೀನಾ ಸೀನುತ್ತ. ಕೂಸುಗಳ ಮನೆಯಲ್ಲಿ ಮಧ್ಯಾಹ್ನದ ಬಿಡುವಿಗೆ ಹೆಂಗಸರು ಮೊಲೆಯೂಡಲು ಬಂದಿದ್ದರು, ಕೈ ತೊಳೆದು, ಮೊಣಕೈ ತನಕ ತೊಳೆದು, ಆದರೂ ಕೂಸಿನ ಮುಖಕ್ಕೆ ಬೆರಳು ತಾಗದ ಹಾಗೆ ಮುಂಗೈಯಿಂದಲೇ ಎತ್ತಿಕೊಂಡು. ಗೋಡೆಗೆ ಒರಗಿ ಕರಿಯವ್ವ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಕರಿಯವ್ವ ವರ್ಷಕ್ಕೊಮ್ಮೆ ಮೃಣಾಲಿನಿಯ ಮನೆಗೂ ಬರುವವಳು, ವರ್ಷದ ಮೆಣಸಿನಕಾಯಿಯ ತೊಟ್ಟು ಬಿಡಿಸಲು. ಅವಳಿಗೆಂದು ಹಿತ್ತಲ ಗೂಡಿನಲ್ಲಿ ಒಂದು ಲೋಟ ಇರುತ್ತಿತ್ತು. ಈಗ ಇಲ್ಲ. ಶ್ರದ್ಧಾ ದೊಡ್ಡವಳಾಗಿ ಅದರ ಬಗ್ಗೆ ಕೇಳಿದ ಮೇಲೆ ಲೋಟ ಹೋಗಿ ಪೇಪರ್ ಕಪ್ಪು ಬಂದಿತ್ತು. ಮೃಣಾಲಿನಿಯೇ ತಂದದ್ದು, ಯಾರಿಗೂ ಏನೂ ಅನಿಸಬಾರದೆಂದು. ಕುಡಿದು ಎಸೆದರಾಯಿತು. ಕರಿಯವ್ವ ಮಾತ್ರ ಅದನ್ನು ಎಸೆಯದೆ ಮುದುರಿ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು, ಯಾಕೆಂದು ಯಾರೂ ಕೇಳಿರಲಿಲ್ಲ.

ಮೃಣಾಲಿನಿ ಬಟ್ಟಲಿಗೆ ಸಾರು ಹಾಕಿ ಕರಿಯವ್ವನ ಮುಂದೆ ಇಟ್ಟಳು. ಸ್ಟೀಲಿನ ಬಟ್ಟಲು, ಕೂಸುಗಳ ಮನೆಯದು. ಕರಿಯವ್ವ ಸಾರನ್ನೂ ಅವಳನ್ನೂ ನೋಡಿದಳು.

“ಯಾಕ್ರಿ ಬಾಯಾರ, ಇವತ್ತ ಆ ಹುಡುಗ್ಯಾರು ಉಣ್ಣಲಿಲ್ಲೇನ್ರಿ?”

“ಇಲ್ಲವಾ. ಒಲಿ ನಾ ಹಚ್ಚಿದ್ದೆ. ನಾ ಹಚ್ಚಿದ ಒಲಿ ಮ್ಯಾಲಿಂದು ಅವರಿಗೆ ನಡ್ಯಂಗಿಲ್ಲ.”

“ನಿಮ್ಮ ಕೈದು?”

“ನನ್ನ ಕೈದು.”

ಕರಿಯವ್ವ ರೊಟ್ಟಿ ಮುರಿಯುವುದನ್ನು ಬಿಟ್ಟು ಅವಳನ್ನು ಬಹಳ ಹೊತ್ತು ನೋಡಿದಳು, ಸಂತೆಯಲ್ಲಿ ಹಿಂದೆಂದೂ ಕಾಣದ ಸಾಮಾನು ನೋಡಿದ ಹಾಗೆ. ಕುಹಕ ಇರಲಿಲ್ಲ, ಕನಿಕರವೂ ಇರಲಿಲ್ಲ. “ನಿಮ್ಮ ಕೈದ ನಡ್ಯಂಗಿಲ್ಲಂದ್ರ ಮತ್ತ ಯಾರ ಕೈದು ನಡೀತೈತ್ರಿ ಅವರಿಗೆ,” ಎಂದಳು, ನಿಜಕ್ಕೂ ತಿಳಿಯಬೇಕೆಂದು. ಆಮೇಲೆ ಅವಳ ಹೊಟ್ಟೆ ಅಲುಗಲು ಶುರುವಾಯಿತು, ಕಾಲ ಮೇಲಿನ ಕೂಸೂ ಅಲುಗಿತು; ಕರಿಯವ್ವ ನಗುತ್ತಿದ್ದಳು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ. ಮೃಣಾಲಿನಿಗೂ ನಗು ಬಂತು. “ಕುಂದ್ರಿ,” ಎಂದು ಕರಿಯವ್ವ ಗೋಡೆಯ ಹತ್ತಿರ ಸರಿದಳು. ಮೃಣಾಲಿನಿ ಕೂತಳು. ಕರಿಯವ್ವ ಒಂದು ರೊಟ್ಟಿಯನ್ನು ಸಾರಿಗೆ ಅದ್ದಿ ತಿಂದು, ಚಲೋ ಆಗೇತ್ರಿ, ಹುಡುಗ್ಯಾರ ದೈವ ಸುಮಾರ, ಎಂದಳು. ಆಮೇಲೆ ಗಂಟಿನಿಂದ ಇನ್ನೊಂದು ರೊಟ್ಟಿ ತೆಗೆದು, ಯಾವ ಯೋಚನೆಯೂ ಇಲ್ಲದೆ, ಪಕ್ಕದಲ್ಲಿ ಕೂತವರಿಗೆ ಯಾರಾದರೂ ಕೊಡುವ ಹಾಗೆ, ಅವಳ ಕಡೆ ಚಾಚಿದಳು.

ಚಾಚಿದ ಮೇಲೆಯೇ ಕರಿಯವ್ವನಿಗೂ ತಾನೇನು ಮಾಡಿದೆನೆಂದು ಹೊಳೆದಿರಬೇಕು. ಕೈ ಅಲ್ಲಿಯೇ ನಿಂತಿತು, ಹಿಂದೆ ಹೋಗಲೋ ಬೇಡವೋ ಎಂಬಂತೆ. ಮೃಣಾಲಿನಿಗೆ ಆ ಕೈ ಗೊತ್ತಿತ್ತು. ಬೆಳಿಗ್ಗೆ ಗ್ಯಾಸಿನ ಗುಂಡಿಯ ಮೇಲೆ ನಿಂತದ್ದು ಅದೇ ಕೈ. ಅವಳು ರೊಟ್ಟಿ ತೆಗೆದುಕೊಂಡಳು. ಮುರಿದಳು. ಯಾವ ಒಲೆ, ಯಾರು ಹಚ್ಚಿದ್ದು, ಎಂದು ಬಾಯಿಗೆ ಬಂದದ್ದು ಅಭ್ಯಾಸ. ಅದನ್ನು ಮೊದಲ ತುತ್ತಿನ ಜೊತೆಗೇ ನುಂಗಿದಳು. ರೊಟ್ಟಿಯ ಅಂಚಿಗೆ ಎಷ್ಟು ತೊಳೆದರೂ ಹೋಗದ ಕರಿಯವ್ವನ ಬೆರಳ ಖಾರ ಇತ್ತು. ತುಟಿ ಉರಿಯಿತು. ಅರ್ಧ ತಿಂದಳು. ಉಳಿದರ್ಧವನ್ನು ಏನು ಮಾಡಬೇಕೆಂದು ತಿಳಿಯದೆ, ಎಸೆಯಲಂತೂ ಆಗದೆ, ತನ್ನ ಚೀಲದಲ್ಲಿದ್ದ ಡಬ್ಬಿಗೆ ಹಾಕಿಕೊಂಡಳು. ಆಗ ಆ ಪೇಪರ್ ಕಪ್ಪು ಕರಿಯವ್ವನ ಉಡಿಯಲ್ಲಿ ಮುದುರಿ ಹೋಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಕೇಳಬೇಕೆನಿಸಿತು. ಕೇಳುವ ಹೊತ್ತಿಗೆ ಬಿಡುವು ಮುಗಿದು ಹೆಂಗಸರು ಎದ್ದಿದ್ದರು.

ಸಂಜೆ ಮನೆಗೆ ಬಂದಾಗ ಮಥುರಾಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಕಣ್ಣು ಕಾಣದಿದ್ದರೂ ಬೆರಳು ತಪ್ಪುವುದಿಲ್ಲ. ಗಂಗಾಧರನ ರೈಲು ಇನ್ನೂ ಬಂದಿರಲಿಲ್ಲ. ಮೃಣಾಲಿನಿ ಚಪ್ಪಲಿ ಬಿಟ್ಟಳು.

“ಅಲ್ಲೆ ಏನರೆ ಬಾಯಾಗ ಹಾಕ್ಕೊಂಡ್ಯೇನು?”

‘ಇಲ್ಲ ಅತ್ಯಾ’ ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು, ಇಷ್ಟು ವರ್ಷ ಕೂತ ಹಾಗೆಯೇ. ಅದು ಕಟ್ಟಡಕ್ಕೆ ಕೊಟ್ಟ ಆಸರೆಗಂಬದ ಹಾಗೆ. ತೆಗೆದರೆ ಏನೇನು ಬೀಳುತ್ತದೋ ಅವಳಿಗೆ ತಿಳಿಯದು. ಇವತ್ತಿನ ರಾತ್ರಿಯ ಅಡಿಗೆ ಯಾರು ಮಾಡಬೇಕು? ಸ್ನಾನ ಮಾಡಿದರೆ ಹೋಗುತ್ತದೆಯೇ, ಅದಕ್ಕಿಂತ ದೊಡ್ಡದೇ? ಹೇಳಿದ ಎಲ್ಲ ‘ಇಲ್ಲ’ಗಳ ಲೆಕ್ಕ ಇವತ್ತೇ ಕೇಳಿದರೆ? ಆದರೆ ಅಡಿಗೆಮನೆಯ ನೆಲದ ಮೇಲೆ ಪುಸ್ತಕ ತೆರೆದು ಅವಳ ಮಾತಿಗೆ ಕಾದಿದ್ದ ಆ ಮೂರು ಮುಖಗಳು ಇನ್ನೂ ಎದುರಿಗೇ ಇದ್ದವು.

“ಹೂಂ ಅತ್ಯಾ. ಕರಿಯವ್ವ ಕೊಟ್ಟಿದ್ಲು, ರೊಟ್ಟಿ. ತಿಂದೆ.”

ಬತ್ತಿ ಹೊಸೆಯುವ ಬೆರಳು ನಿಂತವು. ಮೃಣಾಲಿನಿ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಕಾಲಿಡದೆ, ಹೊಸ ಸೊಸೆಯಾಗಿ ನಿಂತ ಹಾಗೆ. ಮಥುರಾಬಾಯಿ ಮುಖವನ್ನು ಅವಳ ದನಿಯ ಕಡೆ ತಿರುಗಿಸಿದರು. ಆ ಮಂಜುಗಣ್ಣುಗಳನ್ನು ಮೃಣಾಲಿನಿ ಈ ಸಲ ಬಿಡದೆ ನೋಡಿದಳು. ಸಿಟ್ಟಿಗಾಗಿ ಹುಡುಕಿದಳು, ಹೇಸಿಗೆಗಾಗಿ ಹುಡುಕಿದಳು. ಎರಡೂ ಸಿಗಲಿಲ್ಲ. ವರ್ಷಾವರ್ಷ ಈ ಕಂಬಕ್ಕೇ ಒರಗಿ ಕೂತು, ಹಿತ್ತಲಲ್ಲಿ ಕರಿಯವ್ವ ಗಂಟು ಬಿಚ್ಚುವುದನ್ನು, ಎರಡು ಕೈಯಗಲದ ಆ ಜೋಳದ ರೊಟ್ಟಿಯನ್ನು, ಮಡಚಿದರೂ ಬಿರಿಯದ್ದನ್ನು, ಕಣ್ಣು ನೆಟ್ಟಗಿದ್ದಾಗಿನಿಂದ ನೋಡಿದವರು ಅವರು, ಒಂದು ಚೂರೂ ತಿನ್ನದೆ.

“ಮೆತ್ತಗಿತ್ತೇನು?” ಎಂದರು ಮಥುರಾಬಾಯಿ.

ಮೃಣಾಲಿನಿ ಒಳಗೆ ಬಂದಳು. ಚೀಲದಿಂದ ಉಳಿದ ರೊಟ್ಟಿಯ ಡಬ್ಬಿ ತೆಗೆದು ಅತ್ತೆಯ ಮುಂದೆ, ಬತ್ತಿಗಳ ಪಕ್ಕ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇಟ್ಟಳು. ಮುಚ್ಚಳ ತೆಗೆಯಲಿಲ್ಲ.